ಎಂಜಿನ್ ಇಳಿಸಲಿಲ್ಲ, ಆಯಿಲ್ ಪ್ರೆಶರ್ ಬಂತು: ನನ್ನ ಅನುಭವ

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಸಾಕು, ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಪ್ರೆಶರ್ ಕಡಿಮೆಯಾದರೆ ಹತ್ತುವ ಆಯಿಲ್ ಲ್ಯಾಂಪ್ ಮಿಣಮಿಣ ಅನ್ನುತ್ತಿತ್ತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಆರುತ್ತಿತ್ತು. ಹಳೇ ಕಾರ್ಬ್ಯುರೇಟರ್ ಗಾಡಿ ಇಟ್ಟುಕೊಂಡವರಿಗೆ ಈ ಮಿಣಮಿಣ ಹೊಸದಲ್ಲ. ಮೂವರು ಮೇಸ್ತ್ರಿಗಳಿಗೆ ತೋರಿಸಿದೆ. ಮೂವರದ್ದೂ ಒಂದೇ ಮಾತು: "ಬೇರಿಂಗ್ ಹೋಗಿದೆ ಸಾರ್. ಎಂಜಿನ್ ಇಳಿಸಲೇಬೇಕು." ಬೇರಿಂಗ್ ಸವೆದರೆ ಸಂದಿನಿಂದ ಆಯಿಲ್ ಸೋರಿ ಪ್ರೆಶರ್ ಬೀಳುತ್ತದೆ ಎಂಬ ಲೆಕ್ಕ. ಗೆಳೆಯನೊಬ್ಬ ಇನ್ನೂ ಮುಂದೆ ಹೋಗಿ, "ಇದನ್ನ ಮಾರಿಬಿಡು ಗುರು" ಅಂದ. ಇಳಿಸಲಿಲ್ಲ, ಮಾರಲೂ ಇಲ್ಲ. ಈಗ ಎರಡು ವರ್ಷದ ಮೇಲಾಯಿತು, ಲ್ಯಾಂಪ್ ಒಂದು ಸಲವೂ ಮಿಣುಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ದಡ್ಡತನಗಳನ್ನು ಹೇಳಿಬಿಡುತ್ತೇನೆ. ದುಡ್ಡು ಹೋಗಿದ್ದು ಅಲ್ಲೇ.

ಶುರುವಿನಲ್ಲಿ ಆ ಲ್ಯಾಂಪ್ ಹತ್ತಿಸುವ ಪ್ರೆಶರ್ ಸ್ವಿಚ್ ಬದಲಾಯಿಸಿದೆ. ಒಂದಲ್ಲ, ಎರಡು ಸಲ. ಲ್ಯಾಂಪ್ ಹಾಗೇ ಮಿಣುಕಿತು. ಆಮೇಲೆ 20ಡಬ್ಲ್ಯು-50 ಆಯಿಲ್ (ಮೊದಲ ಅಂಕಿ ಚಳಿಯಲ್ಲಿನ, ಎರಡನೆಯದು ಬಿಸಿಯಲ್ಲಿನ ದಪ್ಪದ ಗುರುತು) ತೆಗೆದು, ತಣ್ಣಗಿದ್ದಾಗ ಇನ್ನೂ ದಪ್ಪವಿರುವ ಸಿಂಗಲ್ ಗ್ರೇಡ್ 50 ಹಾಕಿದೆ, ಮೇಲೆ ಎರಡು ಡಬ್ಬಿ "ದಪ್ಪ ಮಾಡುವ" ದ್ರಾವಣ. ಆ ಎರಡು ಡಬ್ಬಿಯ ಬೆಲೆ ಆಯಿಲ್‌ನಷ್ಟೇ ಆಯಿತು. ಲ್ಯಾಂಪ್ ಸುಮ್ಮನಾಯಿತು ನಿಜ. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ವಾಲ್ವ್‌ಗಳನ್ನು ತಳ್ಳುವ ಟ್ಯಾಪೆಟ್‌ಗಳು ಆರೇಳು ಸೆಕೆಂಡ್ ಕಟಕಟ ಅಂತ ಹೊಡೆದುಕೊಳ್ಳುತ್ತಿದ್ದವು. ಗಂಜಿಯಂಥ ಆಯಿಲ್ ಮೇಲಕ್ಕೆ ಹತ್ತುವ ಹೊತ್ತಿಗೆ ಆ ಟ್ಯಾಪೆಟ್‌ಗಳನ್ನು ಎತ್ತುವ ಕ್ಯಾಮ್‌ಗೆ ಏನಾಗಿರುತ್ತದೆ ನೀವೇ ಯೋಚಿಸಿ. ತಿಂಗಳೊಪ್ಪತ್ತಿನಲ್ಲಿ ಲ್ಯಾಂಪ್ ಮತ್ತೆ ಮಿಣುಕಲು ಶುರು ಮಾಡಿತು.

ಮೂರನೆಯದು ನೆನೆದರೆ ಈಗಲೂ ನಗು ಬರುತ್ತದೆ. ಪ್ರೆಶರ್ ಮಿತಿ ಮೀರಿದರೆ ತೆರೆದು ಆಯಿಲ್ ಹಿಂದಕ್ಕೆ ಬಿಡುವ ರಿಲೀಫ್ ವಾಲ್ವ್‌ನ ಸ್ಪ್ರಿಂಗ್ ಹಿಂದೆ ಎರಡು ವಾಶರ್ ಇಟ್ಟರೆ ಪ್ರೆಶರ್ ಏರುತ್ತದೆ ಎಂದು ಯಾರೋ ಹೇಳಿದ್ದರು. ಇಟ್ಟೆ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿ ರೇಸ್ ಕೊಟ್ಟೆ, ಫಿಲ್ಟರ್‌ನ ರಬ್ಬರ್ ಉಬ್ಬಿ ಹೊರಗೆ ಬಂತು. ನೆಲದ ಮೇಲೆ ಆಯಿಲ್ ಹೊಳೆ. ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗಿನ) ಪ್ರೆಶರ್ ಮಾತ್ರ ಇದ್ದ ಹಾಗೇ ಇತ್ತು. ಇರಲೇಬೇಕು ಅಲ್ವಾ? ಐಡ್ಲಿಂಗ್‌ನಲ್ಲಿ ಆ ವಾಲ್ವ್ ಮೊದಲೇ ಮುಚ್ಚಿರುತ್ತದೆ, ಮುಚ್ಚಿದ ಬಾಗಿಲನ್ನು ಇನ್ನೂ ಬಿಗಿ ಮಾಡಿ ಏನು ಪ್ರಯೋಜನ? ಇದು ಹೊಳೆದಿದ್ದು ನೆಲ ಒರೆಸುವಾಗ. ವಾಶರ್ ಎರಡನ್ನೂ ಅವತ್ತೇ ತೆಗೆದೆ.

ಅಲ್ಲಿಯವರೆಗೆ ನಾನು ಪ್ರೆಶರ್ ಎಷ್ಟಿದೆ ಎಂದು ಅಳೆದೇ ಇರಲಿಲ್ಲ ನೋಡಿ. ಲ್ಯಾಂಪ್ ಸ್ವಿಚ್ ಸಾಮಾನ್ಯವಾಗಿ 4ರಿಂದ 7 ಪಿಎಸ್ಐ (ಒತ್ತಡದ ಅಳತೆ, ಚದರ ಇಂಚಿಗೆ ಪೌಂಡ್) ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಲ್ಯಾಂಪ್ ಆರಿದೆ ಎಂದರೆ ಅದಕ್ಕಿಂತ ಸ್ವಲ್ಪ ಮೇಲಿದೆ ಎಂದಷ್ಟೇ ಅರ್ಥ. 8 ಇದ್ದರೂ ಆರಿರುತ್ತದೆ, 40 ಇದ್ದರೂ ಆರಿರುತ್ತದೆ. ಮೆಕ್ಯಾನಿಕಲ್ ಗೇಜ್ ಒಂದು ತಂದೆ. ಆ ಎರಡು ದ್ರಾವಣದ ಡಬ್ಬಿಗಿಂತ ಅಗ್ಗ! ಸ್ವಿಚ್ ಜಾಗಕ್ಕೆ ಹಿತ್ತಾಳೆಯ ಟೀ ಜಾಯಿಂಟ್ (ಮೂರು ಬಾಯಿಯದ್ದು) ಹಾಕಿ, ಒಂದು ಕಡೆ ಹಳೇ ಸ್ವಿಚ್, ಇನ್ನೊಂದು ಕಡೆ ಗೇಜಿನ ಪೈಪ್. ಜೊತೆಗೆ ಬಂದ ನೈಲಾನ್ ಪೈಪನ್ನೇ ಎಳೆದಿದ್ದು ಇನ್ನೊಂದು ತಪ್ಪು. ಹತ್ತು ದಿನಕ್ಕೆ ಅದು ಎಂಜಿನ್‌ನ ಬಿಸಿ ಹೊಗೆ ಹೊರಬರುವ ಎಗ್ಸಾಸ್ಟ್ ಮ್ಯಾನಿಫೋಲ್ಡಿಗೆ ತಾಗಿ ಕರಗಿತು. ಬಾನೆಟ್ ಅಡಿಯಿಂದ ಹೊಗೆ, ಒಂದು ಲೀಟರ್ ಆಯಿಲ್ ರಸ್ತೆಪಾಲು. ಬೆಂಕಿ ಹತ್ತಲಿಲ್ಲ, ಅದೇ ಪುಣ್ಯ. ಈಗ ತಾಮ್ರದ ಪೈಪ್ ಇದೆ. ಎಂಜಿನ್ ಅಲುಗಾಟಕ್ಕೆ ಬಿರುಕು ಬಿಡದಿರಲಿ ಎಂದು ಬ್ಲಾಕ್ ಹತ್ತಿರ ಎರಡು ಸುತ್ತು ಸುತ್ತಿದ್ದೇನೆ. ಮುಳ್ಳು ನಡುಗದಿರಲು ಗೇಜಿನ ಹಿಂದೆ ಇನ್ನೊಂದು ಸಣ್ಣ ಸಾಮಾನು ಹಾಕಿದ್ದೇನೆ. ಅದೇನು ಎಂದು ಇಲ್ಲಿ ಹೇಳುವುದಿಲ್ಲ. ಕೈಯಾರೆ ಕೂತು ಕಂಡುಕೊಂಡಿದ್ದು, ಇರಲಿ ಬಿಡಿ.

ಗೇಜ್ ಬಂದ ಮೇಲೆ ಒಂದು ನೋಟ್‌ಬುಕ್ ಇಟ್ಟೆ. ನಿಯಮ ಒಂದೇ. ಕನಿಷ್ಠ ಮುಕ್ಕಾಲು ಗಂಟೆ ಓಡಿಸಿದ ಮೇಲಷ್ಟೇ ರೀಡಿಂಗ್. ರೇಡಿಯೇಟರ್ ನೀರು ಹತ್ತು ನಿಮಿಷಕ್ಕೆ ಬಿಸಿಯಾಗುತ್ತದೆ, ಆಯಿಲ್ ಅಷ್ಟು ಬೇಗ ಆಗುವುದಿಲ್ಲ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತು ಎಂದು ಪ್ರೆಶರ್ ಬರೆದುಕೊಂಡರೆ ಆ ಅಂಕಿ ಸುಳ್ಳು. ನಾನು ಇನ್‌ಫ್ರಾರೆಡ್ ಥರ್ಮಾಮೀಟರನ್ನು ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ ಹಿಡಿದು ನೋಡುತ್ತಿದ್ದೆ. ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ, ಅದಕ್ಕೆ ಸಂಪಿನ ಮೇಲೆ ಅಂಗೈಯಗಲ ಮ್ಯಾಟ್ ಕಪ್ಪು ಬಣ್ಣ ಬಳಿದೆ.

ಸಿಂಗಲ್ ಗ್ರೇಡ್ ಸಹವಾಸ ಬಿಟ್ಟು ಮತ್ತೆ ಹೊಸ 20ಡಬ್ಲ್ಯು-50 ತುಂಬಿದೆ. ಮೊದಲ ದಿನ ಬಿಸಿ ಐಡ್ಲಿಂಗ್‌ನಲ್ಲಿ 16 ಪಿಎಸ್ಐ. ಖುಷಿಯಾಯಿತು. ಸುಮಾರು 700 ಕಿಲೋಮೀಟರ್‌ಗೆ 12. 1,500 ದಾಟಿದಾಗ 8. 2,000ದ ಹತ್ತಿರ ಬಂದಾಗ 5, ಲ್ಯಾಂಪ್ ಮತ್ತೆ ಮಿಣಮಿಣ. ಆಯಿಲ್ ಬದಲಾಯಿಸಿದೆ. ಮತ್ತೆ 16!

ಈ ಎರಡನೇ 16 ನೋಡಿ ನಾನು ಗಾಡಿ ಪಕ್ಕದಲ್ಲೇ ಕೂತುಬಿಟ್ಟೆ. ಸವೆದ ಬೇರಿಂಗ್ ಆಯಿಲ್ ಬದಲಾಯಿಸಿದ ಮಾತ್ರಕ್ಕೆ ಬೆಳೆಯುತ್ತದಾ? ಇಲ್ಲ. ಹಾಗಾದರೆ ಕೆಡುತ್ತಿರುವುದು ಎಂಜಿನ್ ಅಲ್ಲ, ಆಯಿಲ್. ಯಾವುದೋ ಒಂದು ಅದನ್ನು ತೆಳು ಮಾಡುತ್ತಿದೆ.

ನಾಚಿಕೆಯ ವಿಷಯ ಇಲ್ಲಿದೆ. "ನನ್ನ ಎಂಜಿನ್ ಒಂದು ಹನಿ ಆಯಿಲ್ ಕುಡಿಯಲ್ಲ" ಎಂದು ನಾನು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ತೆಗೆದರೆ ಮಟ್ಟ ಇದ್ದಲ್ಲೇ ಇರುತ್ತಿತ್ತು. ಕೆಲವೊಮ್ಮೆ ಕೂದಲೆಳೆಯಷ್ಟು ಮೇಲೂ ಇರುತ್ತಿತ್ತು. ಅಷ್ಟು ಹಳೇ ಎಂಜಿನ್‌ನಲ್ಲಿ ಮಟ್ಟ ಇಳಿಯದಿದ್ದರೆ ಅನುಮಾನ ಬರಬೇಕಿತ್ತು. ಕಡ್ಡಿ ಮೂಸಿದೆ. ಪೆಟ್ರೋಲ್ ವಾಸನೆ ಸಣ್ಣಗೆ. ನಂಬಿಕೆ ಬರಲಿಲ್ಲ. ಒತ್ತು ಕಾಗದದ ಮೇಲೆ ಹೊಸ ಆಯಿಲ್‌ನ ಒಂದು ಹನಿ, ಸಂಪಿನ ಆಯಿಲ್‌ನ ಒಂದು ಹನಿ ಬಿಟ್ಟು ರಾತ್ರಿ ಇಟ್ಟೆ. ಬೆಳಿಗ್ಗೆ ಹೊಸ ಹನಿ ಕಾಸಿನಗಲ ಇತ್ತು. ಸಂಪಿನದ್ದು ನಡುವೆ ಕಪ್ಪು, ಸುತ್ತ ಬಣ್ಣವಿಲ್ಲದ ಅಗಲ ಉಂಗುರ, ಹೆಚ್ಚುಕಮ್ಮಿ ಅದರ ಎರಡರಷ್ಟು ಹರಡಿತ್ತು. ಆಯಿಲ್‌ಗೆ ಪೆಟ್ರೋಲ್ ಬೆರೆಯುತ್ತಿದೆ ಎಂಬ ಅನುಮಾನ ಗಟ್ಟಿಯಾಯಿತು.

ಮೆಕ್ಯಾನಿಕಲ್ ಫ್ಯೂಯಲ್ ಪಂಪ್ ಬಿಚ್ಚಿ ಬೆಳಕಿಗೆ ಹಿಡಿದೆ. ಪೆಟ್ರೋಲ್ ತಳ್ಳುವ ಒಳಗಿನ ತೆಳು ಪೊರೆ, ಡಯಾಫ್ರಮ್‌ನ ಅಂಚಿನಲ್ಲಿ ಉಗುರಿನಷ್ಟುದ್ದದ ಸೀಳು. ಬೆರಳಿನಿಂದ ಮಡಚಿದರೆ ಬಾಯಿ ಬಿಡುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಪಂಪ್ ಒತ್ತಿದಾಗಲೆಲ್ಲ ಅಲ್ಲಿಂದ ಪೆಟ್ರೋಲ್ ನೇರ ಸಂಪಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಲು ಮೂವರು ಮೇಸ್ತ್ರಿಗಳು ತಯಾರಾಗಿದ್ದರು! ಹೊಸ ಪಂಪಿಗೆ ಆದ ಖರ್ಚು ಒಂದು ಆಯಿಲ್ ಚೇಂಜಿಗಿಂತ ಕಡಿಮೆ. ಅದಕ್ಕೂ ಮುಂಚೆ ನಾನು ಸುರಿದಿದ್ದರಲ್ಲಿ ಅಂಥ ಐದಾರು ಪಂಪ್ ಬರುತ್ತಿದ್ದವು.

ಪಂಪ್ ಹಾಕಿ, ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದ ಮೇಲೆ 17. 2,000 ಕಿಲೋಮೀಟರ್ ಆದ ಮೇಲೂ 15. ಈಗ ಮಟ್ಟ ನಿಧಾನಕ್ಕೆ ಇಳಿಯುತ್ತದೆ, ಅಂದರೆ ನನ್ನ ಎಂಜಿನ್ ಎಲ್ಲರ ಎಂಜಿನ್‌ನಂತೆ ಆಯಿಲ್ ಕುಡಿಯುತ್ತದೆ. ಹೆಮ್ಮೆ ಹೋಯಿತು, ಎಂಜಿನ್ ಉಳಿಯಿತು.

ಆಮೇಲೆ ಗ್ರೇಡ್ ಪ್ರಯೋಗ. ಗಾಡಿಯ ಪುಸ್ತಕದಲ್ಲಿ ಹವೆಗೆ ತಕ್ಕಂತೆ 20ಡಬ್ಲ್ಯು-50 ಮತ್ತು 15ಡಬ್ಲ್ಯು-40 ಎರಡೂ ಇವೆ. ಹಳೇ ಎಂಜಿನ್‌ಗೆ 40 ಹಾಕಿದರೆ ಕತೆ ಮುಗಿಯಿತು ಎಂದು ಹೆದರಿಸಿದವರೇ ಜಾಸ್ತಿ. ನಾನು ಗೇಜಿನ ಮಾತು ಕೇಳಿದೆ. 15ಡಬ್ಲ್ಯು-40ರಲ್ಲಿ ಬಿಸಿ ಐಡ್ಲಿಂಗ್‌ಗೆ 13 ಪಿಎಸ್ಐ; ಎಂಜಿನ್ 3,000 ಆರ್‌ಪಿಎಂನಲ್ಲಿ ತಿರುಗುವಾಗ 40 ಹತ್ತಿರ. ಸಾವಿರ ಆರ್‌ಪಿಎಂಗೆ 10 ಪಿಎಸ್ಐ ಎಂಬ ಹಳೇ ಲೆಕ್ಕ ಹಿಡಿದರೆ ಧಾರಾಳ ಆಯಿತು. ತಣ್ಣಗಿನ ಸ್ಟಾರ್ಟ್‌ನಲ್ಲಿ ಮುಳ್ಳು ಏಳುವುದಕ್ಕೆ 20ಡಬ್ಲ್ಯು-50ಗೆ ನಾಲ್ಕು ಸೆಕೆಂಡ್ ಹಿಡಿದರೆ ಇದಕ್ಕೆ ಎರಡು. ನನ್ನ ಓಡಾಟ ಜಾಸ್ತಿ ಸಣ್ಣ ಸಣ್ಣ ದೂರದ್ದು, ದಿನಕ್ಕೆ ನಾಲ್ಕು ಸಲ ಸ್ಟಾರ್ಟ್. ಐಡ್ಲಿಂಗ್‌ನಲ್ಲಿ ನಾಲ್ಕು ಪಿಎಸ್ಐ ಜಾಸ್ತಿ ಸಿಗುವುದಕ್ಕಿಂತ ಬೆಳಿಗ್ಗೆ ಎರಡು ಸೆಕೆಂಡ್ ಮುಂಚೆ ಆಯಿಲ್ ತಲುಪುವುದು ನನಗೆ ಮುಖ್ಯ. ಹೆದ್ದಾರಿಯಲ್ಲಿ ಇಡೀ ದಿನ ಓಡಿಸುವವರಾದರೆ 50ರಲ್ಲೇ ಇರಿ, ತಪ್ಪಿಲ್ಲ.

ಡಬ್ಬಿಯ ಹಿಂದಿನ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಗುಣಮಟ್ಟದ ಅಕ್ಷರಗಳನ್ನೂ ನೋಡುತ್ತೇನೆ. ಫ್ಲಾಟ್ ಟ್ಯಾಪೆಟ್ (ಚಪ್ಪಟೆ ತಳದ ಟ್ಯಾಪೆಟ್) ಉಜ್ಜುವ ಕ್ಯಾಮ್ ಸವೆಯದಿರಲು ಆಯಿಲ್‌ನಲ್ಲಿ ಜಿಂಕ್, ಫಾಸ್ಫರಸ್ ಬೇಕು. ಪೆಟ್ರೋಲ್ ಎಂಜಿನ್‌ನ ಹೊಸ ರೇಟಿಂಗ್‌ಗಳಾದ ಎಸ್‌ಎಂ, ಎಸ್‌ಎನ್ ಬಂದ ಮೇಲೆ 30ರಂಥ ತೆಳು ಗ್ರೇಡ್‌ಗಳಲ್ಲಿ ಫಾಸ್ಫರಸ್ಸಿಗೆ 800 ಪಿಪಿಎಂ (ಹತ್ತು ಲಕ್ಷದಲ್ಲಿ 800 ಭಾಗ) ಮಿತಿ ಹಾಕಿದ್ದಾರೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಎಂದು. ನನ್ನ ಗಾಡಿಗೆ ಕನ್ವರ್ಟರೇ ಇಲ್ಲ. ಹಾಗಾಗಿ ಆ ಮಿತಿ ಇಲ್ಲದ ಡೀಸೆಲ್ ರೇಟಿಂಗ್ ಸಿಐ-4 ಜೊತೆಗೆ ಪೆಟ್ರೋಲ್ ರೇಟಿಂಗ್ ಕೂಡ ಇರುವ 15ಡಬ್ಲ್ಯು-40 ತರುತ್ತೇನೆ. ಯಾವ ಕಂಪನಿ ಎಂದು ಕೇಳಬೇಡಿ, ಎರಡನ್ನು ಬೆರೆಸುತ್ತೇನೆ, ಅದರ ಅಳತೆ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಹುಚ್ಚೂ ಹಿಡಿದಿತ್ತು. ಮೂರು ಗ್ರೇಡ್‌ಗಳನ್ನು ಸಣ್ಣ ಬಾಟಲಿಗಳಲ್ಲಿ ತುಂಬಿ ಫ್ರೀಜರ್‌ನಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಓರೆಯಾಗಿ ಹಿಡಿದರೆ 15ಡಬ್ಲ್ಯು-40 ಜೇನಿನಂತೆ ಇಳಿಯಿತು, 20ಡಬ್ಲ್ಯು-50 ಸೋಮಾರಿಯಂತೆ ಹೊರಟಿತು, ಸಿಂಗಲ್ ಗ್ರೇಡ್ ಕದಲಲೇ ಇಲ್ಲ. ನಮ್ಮ ಎಂಜಿನ್ ಅಂಥ ಚಳಿ ನೋಡುವುದಿಲ್ಲ, ಗೊತ್ತು. ಆದರೂ ಕಣ್ಣಾರೆ ನೋಡಿದ ಮೇಲೆ ಆ ಕಟಕಟ ಸದ್ದಿನ ಅರ್ಥ ಚೆನ್ನಾಗಿ ಆಯಿತು. ಮನೆಯಲ್ಲಿ ಬೈಸಿಕೊಂಡಿದ್ದು ಬೇರೆ ಲೆಕ್ಕ.

ಒಂದು ಮಾತು ಮರೆತಿದ್ದೆ. ಐಡ್ಲಿಂಗ್‌ನಲ್ಲಿ ಸರಿ ಇದ್ದು ರೇಸ್ ಕೊಟ್ಟಂತೆ ಮುಳ್ಳು ಇಳಿದರೆ ಅದು ಬೇರೆ ರೋಗ, ಸಂಪ್ ಇಳಿಸಿ ಆಯಿಲ್ ಎಳೆಯುವ ಬಾಯಿಯ ಜಾಲರಿ (ಸ್ಟ್ರೈನರ್) ಕಟ್ಟಿಕೊಂಡಿದೆಯಾ ನೋಡಿ. ಹೊಸ ಆಯಿಲ್ ಹಾಕಿದ ದಿನವೇ ಬಿಸಿಯಲ್ಲಿ 5 ತೋರಿಸಿದರೆ ಮಾತ್ರ ಮೇಸ್ತ್ರಿ ಹೇಳಿದ್ದು ನಿಜವಿರಬಹುದು.

ಆ ಮೂವರಲ್ಲಿ ಒಬ್ಬರು ಹೋದ ತಿಂಗಳು ಬಂದಿದ್ದರು. ಬಾನೆಟ್ ಎತ್ತಿ ತಾಮ್ರದ ಪೈಪನ್ನೇ ಸ್ವಲ್ಪ ಹೊತ್ತು ನೋಡಿದರು. "ಸಾರ್, ಇನ್ನೊಂದು ಗಾಡಿಗೆ ಲ್ಯಾಂಪ್ ಮಿಣುಕ್ತಾ ಇದೆ. ನಿಮ್ಮ ಗೇಜ್ ಎರಡು ದಿನ ಕೊಡ್ತೀರಾ?" ಎಂದರು. ಬಿಚ್ಚಿ ಕೊಟ್ಟೆ. ಇನ್ನೂ ವಾಪಸ್ ಬಂದಿಲ್ಲ.