ರೂಟರ್ ಬೋರ್ಡನ್ನು ಮೇನ್‌ಲೈನ್ ಕರ್ನಲ್‌ಗೆ ಸೇರಿಸಿದ್ದು

ವಿದ್ಯಾನಗರದ ನಮ್ಮ ಮನೆಯ ಇಂಟರ್ನೆಟ್ಟಿಗೆ ಆರ್‌ಕೆ3568 ಚಿಪ್ ಇರುವ ಒಂದು ಸಣ್ಣ ಬೋರ್ಡ್ ತಗೊಂಡಿದ್ದೆ. ಅದರ ಜೊತೆ ಬಂದ ಲಿನಕ್ಸ್ ಕರ್ನಲ್ (ಹಾರ್ಡ್‌ವೇರ್ ನಡೆಸುವ ತಿರುಳು) 4.19. ಆ ಆವೃತ್ತಿಗೆ 2024ರ ಡಿಸೆಂಬರ್‌ಗೇ ತಿದ್ದುಪಡಿ ನಿಂತುಹೋಗಿದೆ. ಮನೆಯ ಬಾಗಿಲಲ್ಲಿ ಕೂರೋ ರೂಟರ್‌ಗೆ ಇದು ಸರಿಯಲ್ಲ, ಅಲ್ವಾ? ಹಾಗಾಗಿ ಬೋರ್ಡನ್ನು ಮೇನ್‌ಲೈನ್‌ಗೆ, ಅಂದ್ರೆ ಲಿನಕ್ಸ್‌ನ ಮೂಲ ಕರ್ನಲ್‌ಗೇ, ಸೇರಿಸಲು ಕೂತೆ.

ಸಿ ಕೋಡ್ ಒಂದು ಸಾಲೂ ಬರೆಯಲಿಲ್ಲ. ಚಿಪ್ಪಿನ ಡ್ರೈವರ್‌ಗಳು ಆಗಲೇ ಕರ್ನಲ್‌ನಲ್ಲಿವೆ. ಇಲ್ಲದಿದ್ದದ್ದು ಡಿವೈಸ್ ಟ್ರೀ: ಯಾವ ಪಿನ್ನಿಗೆ ಯಾವ ಎಲ್‌ಇಡಿ, ಯಾವ ರೆಗ್ಯುಲೇಟರ್ ಯಾವುದಕ್ಕೆ ಕರೆಂಟ್ ಕೊಡುತ್ತೆ ಅನ್ನೋ ವಿವರ. ಕಂಪನಿಯವರ ಫೈಲನ್ನು ಸುಮ್ನೆ ನಕಲು ಮಾಡಿದರೆ ನಡೆಯಲ್ಲ. ಕರ್ನಲ್ ನೋಡಿಕೊಳ್ಳುವ ಮೇಂಟೇನರ್‌ಗಳು ಪ್ರತಿ ಸಾಲಿಗೂ 'ಇದು ಯಾಕೆ?' ಅಂತ ಕೇಳುತ್ತಾರೆ. ಸ್ಕೀಮ್ಯಾಟಿಕ್ ಮತ್ತು ಮಲ್ಟಿಮೀಟರ್ ಪಕ್ಕದಲ್ಲೇ ಇರಬೇಕು. ಸೀರಿಯಲ್ ಕೇಬಲ್ ಕೊಳ್ಳುವಾಗಲೂ ನೋಡಿಕೊಳ್ಳಿ. ಬೂಟ್ ಸಂದೇಶ ತೋರಿಸುವ ಈ ಚಿಪ್ಪಿನ ಕನ್ಸೋಲ್ 15,00,000 ಬಾಡ್‌ನಲ್ಲಿ (ಸೆಕೆಂಡಿಗೆ ಅಷ್ಟು ಬಿಟ್) ಓಡುತ್ತೆ, ಎಲ್ಲಾ ಅಡಾಪ್ಟರ್‌ಗೂ ಆ ವೇಗ ಆಗಿಬರಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಈಥರ್ನೆಟ್. ಲಿಂಕ್ ದೀಪ ಹತ್ತುತ್ತೆ, ಪಿಂಗ್ ಮಾತ್ರ ಹೋಗಲ್ಲ. ಚಿಪ್ಪಿಗೂ ಫಿಗೂ (ಈಥರ್ನೆಟ್ ಕೇಬಲ್ಲಿಗೆ ಸಿಗ್ನಲ್ ಕಳಿಸುವ ಇನ್ನೊಂದು ಚಿಪ್) ನಡುವೆ ಇರೋದು ಆರ್‌ಜಿಎಂಐಐ ಅನ್ನೋ ತಂತಿಗಳ ಸಂಪರ್ಕ. ಗಿಗಾಬಿಟ್‌ನಲ್ಲಿ ಅದರ ಗಡಿಯಾರ 125 ಮೆಗಾಹರ್ಟ್ಸ್, ಏರುವಾಗಲೂ ಇಳಿಯುವಾಗಲೂ ಡೇಟಾ ಹೋಗುತ್ತೆ. ಅಂದ್ರೆ ಒಂದೊಂದು ಸಲಕ್ಕೆ ಸಿಗೋದು 4 ನ್ಯಾನೋಸೆಕೆಂಡ್. ಡೇಟಾ ಸ್ಥಿರವಾದ ಮೇಲೆ ಗಡಿಯಾರ ಬಡಿಯಬೇಕು, ಹಾಗಾಗಿ ಅದನ್ನು ಸುಮಾರು 2 ನ್ಯಾನೋಸೆಕೆಂಡ್ ತಡಮಾಡಬೇಕು. ತಡ ಮಾಡೋರು ಯಾರು ಅನ್ನೋದೇ ಜಗಳ. ಕಂಪನಿ ಫೈಲಿನಲ್ಲಿ 'ಆರ್‌ಜಿಎಂಐಐ' ಅಂತಷ್ಟೇ ಇತ್ತು, ಜೊತೆಗೆ ಕೈಯಿಂದ ಹೊಂದಿಸಿದ ಎರಡು ಡಿಲೇ ಸಂಖ್ಯೆ. ಬೋರ್ಡಿನ ತಂತಿಗಳೇ ತಡ ಮಾಡದಿದ್ದರೆ 'ಆರ್‌ಜಿಎಂಐಐ-ಐಡಿ' ಅಂತ ಬರೆದು ಕೆಲಸ ಫಿಗೆ ಬಿಡಿ ಅನ್ನೋದು ಮೇಂಟೇನರ್‌ಗಳ ನಿಲುವು. ಹಾಗೇ ಬರೆದು ಆ ಸಂಖ್ಯೆಗಳನ್ನು ತೆಗೆದೆ. ಪಿಂಗ್ ಹೋಯಿತು. ರಾತ್ರಿಯಿಡೀ ಐಪರ್ಫ್ (ನೆಟ್‌ವರ್ಕ್ ವೇಗ ಅಳೆಯುವ ಸಾಧನ) ಓಡಿಸಿ ಬೆಳಿಗ್ಗೆ ಈಥ್‌ಟೂಲ್‌ನಲ್ಲಿ ಲೆಕ್ಕ ನೋಡಿದರೆ ಸಿಆರ್‌ಸಿ ಎರರ್, ಅಂದ್ರೆ ಕೆಟ್ಟು ಬಂದ ಡೇಟಾ, ಸೊನ್ನೆ. ಕೋಲ್ಡ್ ಬೂಟ್ (ಕರೆಂಟ್ ಪೂರ್ತಿ ಹೋದ ಮೇಲೆ ಮತ್ತೆ ಶುರುವಾಗೋದು) ಪರೀಕ್ಷೆಯನ್ನು ಹುಬ್ಬಳ್ಳಿಯ ಮಳೆಗಾಲ ಪುಕ್ಕಟೆ ಮಾಡಿಕೊಟ್ಟಿತು, ಕರೆಂಟ್ ಹೋಗಿ ಬರುತ್ತಲೇ ಇತ್ತು.

ಪ್ಯಾಚ್ (ಬದಲಾವಣೆಯ ಫೈಲ್) ಮೇಂಟೇನರ್‌ಗಳಿಗೆ ಕಳಿಸೋದು ಸುಲಭ. ಬೋರ್ಡಿನ ಹೆಸರು ಸೇರಿಸುವ ಯಾಮಲ್ ಪ್ಯಾಚ್ ಮೊದಲು, ಡಿವೈಸ್ ಟ್ರೀ ಮತ್ತು ಮೇಕ್‌ಫೈಲಿನ ಒಂದು ಸಾಲು ಆಮೇಲೆ. ಅದಕ್ಕೂ ಮುಂಚೆ ತಪ್ಪು ಹುಡುಕುವ ಚೆಕ್‌ಪ್ಯಾಚ್ ಮತ್ತು ಡಿಟಿಬಿಎಸ್‌-ಚೆಕ್ ಎರಡನ್ನೂ ಓಡಿಸಿ. ಯಂತ್ರ ಹಿಡಿಯುವ ತಪ್ಪನ್ನು ಮನುಷ್ಯರ ಕೈಲಿ ಹಿಡಿಸೋದು ಮರ್ಯಾದೆಯಲ್ಲ. ಬಂದ ಉತ್ತರಗಳು ಚುಟುಕು: ನೋಡ್‌ಗಳನ್ನು ಅಕ್ಷರಮಾಲೆ ಪ್ರಕಾರ ಜೋಡಿಸಿ, ಎಲ್‌ಇಡಿಗೆ ಲೇಬಲ್ ಬೇಡ, ಬಣ್ಣ ಮತ್ತು ಕೆಲಸ ಹೇಳಿ. ಒರಟು ಅನಿಸಬಹುದು, ಆದರೆ ಒಂದೂ ಸುಳ್ಳಲ್ಲ. ತಿದ್ದಿ, ಏನು ಬದಲಾಯಿತು ಅಂತ ಬರೆದು, ಮತ್ತೆ ಕಳಿಸಿದೆ. ಮರ್ಜ್ ವಿಂಡೋದ (ಮುಂದಿನ ಆವೃತ್ತಿಗೆ ಸಿದ್ಧವಾದ ಬದಲಾವಣೆಗಳನ್ನು ಕರ್ನಲ್‌ಗೆ ಸೇರಿಸುವ ಅವಧಿ) ಎರಡು ವಾರ ಹೊಸ ಪ್ಯಾಚ್ ಕಡೆ ಯಾರೂ ಅಷ್ಟಾಗಿ ನೋಡಲ್ಲ, ಆಗ ತಲೆ ಕೆಡಿಸಿಕೊಳ್ಳಬೇಡಿ.

ಫ್ಯಾನ್ ಒಂದು ಉಳಿದಿದೆ. ಸ್ಕೀಮ್ಯಾಟಿಕ್‌ನಲ್ಲಿ ಅದರ ಪಿನ್ ಇದೆ, ನನ್ನ ಬೋರ್ಡಿನಲ್ಲಿ ಕನೆಕ್ಟರ್ ಕೂರಿಸಿಲ್ಲ. ಓಡಿಸಿ ನೋಡದ್ದನ್ನು ಬರೆಯೋದು ಬೇಡ ಅಂತ ಬಿಟ್ಟಿದ್ದೇನೆ. ಕನೆಕ್ಟರ್ ಇರುವ ಬೋರ್ಡ್ ಯಾರ ಹತ್ತಿರವಾದರೂ ಇದ್ದರೆ ಆ ಪ್ಯಾಚ್ ಅವರದ್ದು.