ಬೇಲ್ ಆಗಿದೆ, ಶ್ಯೂರಿಟಿ ಇಲ್ಲ ಅಂದ್ರೆ ಏನ್ ಮಾಡ್ಬೇಕು

ರಾಯಚೂರು ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದಿದ್ದ ಹುಡುಗ, ಬೇಲ್ ಆಗಿ ಹದಿನೆಂಟು ದಿನ ಆದ್ರೂ ಪರಪ್ಪನ ಅಗ್ರಹಾರದಲ್ಲೇ ಇದ್ದ. ಯಾಕಪ್ಪಾ ಅಂದ್ರೆ ಐವತ್ತು ಸಾವಿರದ ಬಾಂಡು (ತಪ್ಪಿಸ್ಕೊಂಡ್ರೆ ಇಷ್ಟು ಕಟ್ತೀನಿ ಅಂತ ಬರೆದುಕೊಡೋದು), ಅಷ್ಟೇ ಮೊತ್ತಕ್ಕೆ ಇಬ್ರು ಜಾಮೀನುದಾರರು, ಅಂದ್ರೆ ಶ್ಯೂರಿಟಿ. ಮನೆಯವರು ಬೇಲ್ ಸಿಕ್ಕಿದ ದಿನ ಸ್ವೀಟ್ ಹಂಚಿದ್ರಂತೆ ಪಾಪ. ಆದ್ರೆ ಆರ್ಡರ್ ಆಗೋದು ಬೇರೆ, ಗೇಟಿಂದ ಹೊರಗೆ ಬರೋದು ಬೇರೆ. ನಮ್ಮ ದೇಶದ ಜೈಲುಗಳಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಜನ ವಿಚಾರಣಾಧೀನ ಕೈದಿಗಳು, ಅಪರಾಧ ಮಾಡಿದಾರೆ ಅಂತ ಇನ್ನೂ ತೀರ್ಪೇ ಆಗಿಲ್ಲ, ಅದ್ರಲ್ಲಿ ಬೇಲ್ ಆಗೂ ದುಡ್ಡಿಲ್ದೆ ಒಳಗಿರೋರೂ ಇದಾರೆ. ನಿಮಗೆ ಗೊತ್ತಿರೋರು ಯಾರಾದ್ರೂ ಹೀಗೆ ಸಿಕ್ಕಾಕೊಂಡಿದ್ರೆ ಇದನ್ನ ಓದಿ.

ಮೊದಲು ಬೇಲ್ ಆರ್ಡರ್ ಕಾಪಿ ಕೈಗೆ ತಗೊಳ್ಳಿ. ವಕೀಲರು ಬಾಯಲ್ಲಿ ಹೇಳಿದ್ದು ಸಾಲಲ್ಲ. ಕೇಸಿನ ಸಿಎನ್ಆರ್ ನಂಬರ್ (ಪ್ರತಿ ಕೇಸಿಗೂ ಇರೋ ಗುರುತಿನ ನಂಬರ್, 16 ಅಕ್ಷರ-ಅಂಕಿ ಇರುತ್ತೆ) ಇದ್ರೆ ಇ-ಕೋರ್ಟ್ಸ್ ಆ್ಯಪಲ್ಲೇ ಕೇಸ್ ಎಲ್ಲಿಗೆ ಬಂದಿದೆ, ಮುಂದಿನ ಡೇಟ್ ಯಾವತ್ತು ಅಂತ ಕಾಣುತ್ತೆ. ಆರ್ಡರಲ್ಲಿ ಬಾಂಡ್ ಎಷ್ಟು, ಶ್ಯೂರಿಟಿ ಒಬ್ರಾ ಇಬ್ರಾ, ಸ್ಟೇಷನ್ನಿಗೆ ಹೋಗಿ ಸೈನ್ ಹಾಕೋ ಷರತ್ತು ಇದೆಯಾ ಇದನ್ನೆಲ್ಲ ಬರ್ಕೊಳ್ಳಿ. ಹಾಗೇ ಅವನ ಮೇಲೆ ಬೇರೆ ಕೇಸಲ್ಲಿ ಬಾಡಿ ವಾರಂಟ್ (ಜೈಲಲ್ಲಿರೋನನ್ನ ಆ ಕೇಸಿಗೆ ಕರ್ಕೊಂಡು ಬನ್ನಿ ಅಂತ ಕೋರ್ಟ್ ಆದೇಶ) ಇದೆಯಾ ಅಂತ ಈಗ್ಲೇ ಕೇಳಿ, ಇದ್ರೆ ಈ ಕೇಸಿನ ಶ್ಯೂರಿಟಿ ಕೊಟ್ರೂ ಬಿಡಲ್ಲ, ಆಮೇಲೆ ಜೈಲು ಗೇಟಲ್ಲಿ ನಿಂತು ಅಳೋ ಹಾಗಾಗುತ್ತೆ.

ಶ್ಯೂರಿಟಿ ಸಿಕ್ರೆ ಆಧಾರ್, ಫೋಟೋ, ಹೊಲ ಇದ್ರೆ ಪಹಣಿ, ಮನೆ ಇದ್ರೆ ಕಂದಾಯ ಕಟ್ಟಿದ ರಸೀದಿ, ನೌಕರಿಯವರಾದ್ರೆ ಸ್ಯಾಲರಿ ಸ್ಲಿಪ್, ಒರಿಜಿನಲ್ಲೂ ಜೆರಾಕ್ಸೂ ಎರಡೂ ತಗೊಂಡು ಕೋರ್ಟಿಗೆ ಬರೋಕೆ ಹೇಳಿ. ಇನ್ನೆಷ್ಟು ಜನಕ್ಕೆ ಜಾಮೀನು ನಿಂತಿದೀರಿ ಅಂತಾನೂ ಅವರು ಬರೆದುಕೊಡ್ಬೇಕು. ಅವರಿಗೆ ನಿಜ ಹೇಳಿ ಕರ್ಕೊಂಡು ಬನ್ನಿ: ಹುಡುಗ ತಪ್ಪಿಸ್ಕೊಂಡ್ರೆ ಬಾಂಡಿನ ದುಡ್ಡು ಇವರ ತಲೆ ಮೇಲೆ ಬರುತ್ತೆ. ಕೋರ್ಟ್ ಹತ್ರ "ಶ್ಯೂರಿಟಿ ಬೇಕಾ ಸಾರ್" ಅಂತ ಬರ್ತಾರಲ್ಲ, ಅವರ ಹತ್ರ ಮಾತ್ರ ಹೋಗ್ಬೇಡಿ. ಪಹಣಿ ನಕಲಿ ಅಂತ ಗೊತ್ತಾದ್ರೆ ಬೇಲೂ ಹೋಗುತ್ತೆ, ಹೊಸ ಕೇಸೂ ಬೀಳುತ್ತೆ.

ಶ್ಯೂರಿಟಿ ಸಿಗ್ಲೇ ಇಲ್ಲ ಅಂದ್ರೆ ಮುಖ್ಯವಾದ ವಿಷಯ ಬರೋದೇ ಇಲ್ಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಾಮಾನ್ಯವಾಗಿ ಜಿಲ್ಲಾ ಕೋರ್ಟ್ ಆವರಣದಲ್ಲೇ ಆಫೀಸಿರುತ್ತೆ, ಇಲ್ಲಾಂದ್ರೆ 15100ಗೆ ಫೋನ್ ಮಾಡಿ. ಕಸ್ಟಡಿಯಲ್ಲಿ ಇರೋರಿಗೆ ಆದಾಯ ನೋಡದೇ ಉಚಿತ ವಕೀಲರನ್ನ ಕೊಡ್ಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ಇನ್ನೊಂದು, 2023ರ ಜನವರಿ 31ಕ್ಕೆ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನ ತುಂಬಾ ಉಪಯೋಗಕ್ಕೆ ಬರುತ್ತೆ. ಬೇಲ್ ಆಗಿ ಏಳು ದಿನದಲ್ಲಿ ಬಿಡುಗಡೆ ಆಗ್ಲಿಲ್ಲ ಅಂದ್ರೆ ಜೈಲು ಸೂಪರಿಂಟೆಂಡೆಂಟ್ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸ್ಬೇಕು, ಅವರು ಪ್ಯಾರಾಲೀಗಲ್ ಸ್ವಯಂಸೇವಕರನ್ನೋ (ಕಾನೂನು ಸಹಾಯಕ್ಕೆ ತರಬೇತಿ ಪಡೆದವರು) ವಕೀಲರನ್ನೋ ಕಳಿಸಿ ಸಹಾಯ ಮಾಡ್ಬೇಕು, ಮನೆ ಪರಿಸ್ಥಿತಿ ಬಗ್ಗೆ ವರದಿ ತಯಾರಿಸಿ ಷರತ್ತು ಸಡಿಲಿಸಿ ಅಂತ ಕೋರ್ಟ್ ಮುಂದೆ ಇಡಬಹುದು. ಒಂದು ತಿಂಗಳಾದ್ರೂ ಬಾಂಡ್ ಕೊಡೋಕೆ ಆಗ್ಲಿಲ್ಲ ಅಂದ್ರೆ ಕೋರ್ಟೇ ತಾನಾಗಿ ಷರತ್ತು ಬದಲಿಸೋದನ್ನ ಯೋಚಿಸಬಹುದು. ಆದ್ರೆ ತಾನಾಗೇ ಆಗುತ್ತೆ ಅಂತ ಕೂತ್ಕೋಬೇಡಿ, ಎಂಟನೇ ದಿನ ನೀವೇ ಹೋಗಿ ಕೇಳಿ.

ಷರತ್ತು ಬದಲಾವಣೆ ಅರ್ಜಿಗೆ ಬರೀ "ನಾವು ಬಡವರು ಸ್ವಾಮಿ" ಅಂದ್ರೆ ಆಗಲ್ಲ. ರೇಷನ್ ಕಾರ್ಡ್, ಬಾಡಿಗೆ ಮನೆಯ ಕಾಗದ, ಮಕ್ಕಳ ಶಾಲೆ ಸರ್ಟಿಫಿಕೇಟ್, ಮೇಸ್ತ್ರಿ ಕೈಲಿ "ಇಷ್ಟು ವರ್ಷದಿಂದ ನನ್ನ ಹತ್ರ ಕೆಲಸ ಮಾಡ್ತಿದಾನೆ" ಅಂತ ಬರೆಸಿದ ಪತ್ರ, ಹೀಗೆ ಅವನು ಎಲ್ಲೂ ಓಡಿಹೋಗಲ್ಲ ಅನ್ನೋದನ್ನ ತೋರಿಸೋದೆಲ್ಲ ಹಾಕಿ. ಶ್ಯೂರಿಟಿ ಇಲ್ದೆ ಅವನ ಸ್ವಂತ ಬಾಂಡ್ ಮೇಲೆ ಬಿಡಿ ಅಂತ ಕೇಳಬಹುದು, ಇಬ್ರ ಬದಲು ಒಬ್ರೇ ಸಾಕು ಅಂತ ಕೇಳಬಹುದು, ಅಥವಾ ಸ್ವಲ್ಪ ದಿನಕ್ಕೆ ತಾತ್ಕಾಲಿಕವಾಗಿ ಬಿಡಿ, ಹೊರಗೆ ಬಂದು ಶ್ಯೂರಿಟಿ ಹೊಂದಿಸ್ತಾನೆ ಅಂತಾನೂ ಕೇಳಬಹುದು.

ನಮ್ಮ ಹುಡುಗನ ತೊಂದ್ರೆ ಇನ್ನೊಂಥರ. ದೊಡ್ಡಪ್ಪನಿಗೆ ಎರಡೆಕರೆ ಹೊಲ ಇತ್ತು, ಆದ್ರೆ ಸಿಂಧನೂರಲ್ಲಿ. ಲೋಕಲ್ ಶ್ಯೂರಿಟಿನೇ ಬೇಕು ಅಂತ ಅವರ ವಕೀಲರು ಕೈ ಆಡಿಸಿಬಿಟ್ಟಿದ್ರು. 1978ರ ಮೋತಿರಾಮ್ ಕೇಸ್ ಇದೇ ಕಥೆ ನೋಡಿ, ಅವನೂ ಗಾರೆ ಕೆಲಸದವನೇ, ಹತ್ತು ಸಾವಿರದ ಶ್ಯೂರಿಟಿ ಕೇಳಿದ್ರು, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆದು ಅಂತ ತಳ್ಳಿಹಾಕಿದ್ರು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಮಲಯಾಳಿ, ಕನ್ನಡಿಗ, ತಮಿಳ ಯಾರಾದ್ರೂ ಪೋರ್ಟ್ ಬ್ಲೇರಲ್ಲೋ ಚಾಂದನಿ ಚೌಕಲ್ಲೋ ಅರೆಸ್ಟ್ ಆದ್ರೆ ಅಲ್ಲಿ ಆಸ್ತಿ ಇರೋನನ್ನ ಎಲ್ಲಿಂದ ಹುಡುಕ್ತಾನೆ ಅಂತ ಕೇಳಿ, ಸಾವಿರ ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡಿಸಿದ್ರು. 2023ರ ನಿರ್ದೇಶನದಲ್ಲೂ ಲೋಕಲ್ ಶ್ಯೂರಿಟಿ ಷರತ್ತಿಂದ ಬಿಡುಗಡೆ ತಡ ಆಗುತ್ತೆ ಅಂತಾನೇ ಇದೆ. ಇವೆರಡನ್ನೂ ಅರ್ಜಿಯಲ್ಲಿ ಬರೆಸಿ.

ದುಡ್ಡೇ ಸಮಸ್ಯೆ ಅಂದ್ರೆ ಬಡ ಕೈದಿಗಳಿಗೆ ಅಂತ ಕೇಂದ್ರದ ಸ್ಕೀಮ್ ಇದೆ, 2023ರಲ್ಲಿ ಶುರುವಾದಾಗ ವಿಚಾರಣಾಧೀನರಿಗೆ 40,000 ರೂಪಾಯಿ ತನಕ ಇತ್ತು. ಪ್ರಾಧಿಕಾರದಲ್ಲೋ ಜೈಲಲ್ಲೋ ವಿಚಾರಿಸಿ. ಡ್ರಗ್ಸ್ ಕೇಸು, ಯುಎಪಿಎ (ಭಯೋತ್ಪಾದನೆ ತಡೆ ಕಾನೂನು) ಅಂಥವಕ್ಕೆ ಅನ್ವಯ ಆಗಲ್ಲ.

ಬೇಲೇ ಆಗದೆ ತುಂಬಾ ದಿನದಿಂದ ಒಳಗಿದ್ರೆ ಬಿಎನ್ಎಸ್ಎಸ್ (ಸಿಆರ್‌ಪಿಸಿ ಬದಲು ಬಂದ ಹೊಸ ಕಾನೂನು) ಸೆಕ್ಷನ್ 479 ನೋಡಿ. ಹಿಂದೆ ಯಾವ ಕೇಸಲ್ಲೂ ಶಿಕ್ಷೆ ಆಗದವನು ಆ ಅಪರಾಧಕ್ಕಿರೋ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ರೆ, ಉಳಿದವರು ಅರ್ಧ ಕಳೆದಿದ್ರೆ, ಬಿಡುಗಡೆಗೆ ಸೂಪರಿಂಟೆಂಡೆಂಟೇ ಕೋರ್ಟಿಗೆ ಬರೀಬೇಕು. ಮರಣದಂಡನೆ, ಜೀವಾವಧಿ ಆಗೋ ಕೇಸಿಗೆ ಇದಿಲ್ಲ, ಒಂದಕ್ಕಿಂತ ಜಾಸ್ತಿ ಕೇಸ್ ಬಾಕಿ ಇದ್ರೂ ಕಷ್ಟ.

ರಿಲೀಸ್ ಆರ್ಡರ್ ಕೋರ್ಟಿಂದ ಜೈಲಿಗೆ ಮುಟ್ಟಿದ್ದು ಖಾತ್ರಿ ಮಾಡ್ಕೊಂಡೇ ಗೇಟ್ ಹತ್ರ ಹೋಗಿ. ಹೊರಗೆ ಬಂದ ತಕ್ಷಣ ಮುಂದಿನ ಹಿಯರಿಂಗ್ ಡೇಟು ಅವನ ಫೋನಲ್ಲಿ, ಶ್ಯೂರಿಟಿ ಕೊಟ್ಟವರ ಫೋನಲ್ಲಿ, ಮನೆ ಕ್ಯಾಲೆಂಡರಲ್ಲಿ ಮೂರು ಕಡೆ ಗುರುತು ಹಾಕಿ. ಕೂಲಿ ಹೋದ್ರೂ ಆವತ್ತು ಕೋರ್ಟಿಗೆ ಹೋಗ್ಲೇಬೇಕು ಅಂತ ಬಸ್ಸಲ್ಲೇ ಹೇಳಿಬಿಡಿ.