ನನ್ನ ಅನುಭವ: 3 ಕಿಲೋವ್ಯಾಟ್ ಗಾಳಿಯಂತ್ರದಿಂದ ಕರೆಂಟ್ ಮಾರಿದ್ದು

ಹೋದ ವರ್ಷ ನನ್ನ ಗಾಳಿಯಂತ್ರ ಹೆಚ್ಚುಕಡಿಮೆ 2,100 ಯೂನಿಟ್ ಕೊಟ್ಟಿತು. ಅದರಲ್ಲಿ 800ರಷ್ಟನ್ನು ಊರಿನ ವಿದ್ಯುತ್ ಜಾಲವಾದ ಗ್ರಿಡ್‌ಗೆ ಮಾರಿದೆ, ಉಳಿದದ್ದು ಮನೆಗೇ ಆಯಿತು. "ಇಷ್ಟು ಸಣ್ಣ ಯಂತ್ರದಿಂದ ಕರೆಂಟ್ ಮಾರೋದಾ? ಸುಮ್ನೆ ದುಡ್ಡು ಗಾಳಿಗೆ ತೂರ್ತಿದ್ದೀಯ" ಎಂದವರು ಒಬ್ಬಿಬ್ಬರಲ್ಲ. ಅವರಲ್ಲಿ ಇಬ್ಬರು ಈಗ ಬಂದು ನನ್ನ ಲೆಕ್ಕದ ಪುಸ್ತಕ ನೋಡಿಕೊಂಡು ಹೋಗಿದ್ದಾರೆ.

ಮೊದಲ ಎರಡು ವರ್ಷ ಅವರ ಮಾತೇ ನಿಜ ಅನ್ನಿಸಿತ್ತು. ರೋಟರ್, ಅಂದರೆ ತಿರುಗುವ ರೆಕ್ಕೆಗಳ ಚಕ್ರದ ಅಡ್ಡಳತೆ 3.7 ಮೀಟರ್. ಕಂಬದಲ್ಲಿ ದುಡ್ಡು ಉಳಿಸೋಣ ಎಂದು 9 ಮೀಟರಿನದು ಹಾಕಿದ್ದೆ. ಪಕ್ಕದಲ್ಲೇ ಅಷ್ಟೇ ಎತ್ತರದ ಮರಗಳು. ರೆಕ್ಕೆ ದಿನವಿಡೀ ತಿರುಗುತ್ತಿತ್ತು, ನೋಡೋಕೆ ಚೆಂದ. ಆದರೆ ವರ್ಷಕ್ಕೆ 700 ಯೂನಿಟ್ ದಾಟಲಿಲ್ಲ. ಮರದ ಮರೆಯಿಂದ ಬರುವ ಗಾಳಿ ಸುಳಿಸುಳಿಯಾಗಿರುತ್ತದೆ. ಯಂತ್ರವನ್ನು ಗಾಳಿಯ ಕಡೆಗೆ ತಿರುಗಿಸುವ ಬಾಲ ಒಂದು ಕಡೆ ನಿಲ್ಲುವುದೇ ಇಲ್ಲ. ಎರಡನೇ ವರ್ಷ ಬೇರಿಂಗೂ ಹೋಯಿತು.

ಆಮೇಲೆ ನಾಲ್ಕು ತಿಂಗಳು ಎರಡು ಎತ್ತರದಲ್ಲಿ ಗಾಳಿ ಅಳೆದೆ. 9 ಮೀಟರಿನಲ್ಲಿ ಸರಾಸರಿ ಸೆಕೆಂಡಿಗೆ 3.5 ಮೀಟರ್, 18ರಲ್ಲಿ 4.4. ನೋಡೋಕೆ ಸಣ್ಣ ವ್ಯತ್ಯಾಸ. ಆದರೆ ಗಾಳಿಯ ಶಕ್ತಿ ವೇಗದ ಘನದಂತೆ ಏರುತ್ತದೆ. ಘನ ಮಾಡಿ ನೋಡಿ, ಶಕ್ತಿ ಎರಡರಷ್ಟು! ಕಂಬ ಎತ್ತರಿಸಿದ ವರ್ಷ 1,500 ಯೂನಿಟ್ ಬಂತು. ಯಂತ್ರಕ್ಕೆ ಕೊಟ್ಟದ್ದು 100 ಅಂದುಕೊಂಡರೆ, ಮಡಚಿ ಇಳಿಸುವ ಈ ಕಂಬ, ಸ್ಟೇ ವೈರ್, ಕಾಂಕ್ರೀಟ್ ಎಲ್ಲ ಸೇರಿ 120 ಆಯಿತು. ಯಂತ್ರಕ್ಕಿಂತ ಕಂಬವೇ ದುಬಾರಿ. ಮೊದಲೇ ಇದನ್ನು ಒಪ್ಪಿಕೊಂಡಿದ್ದರೆ ಹಳೇ ಕಂಬದ ದುಡ್ಡಾದರೂ ಉಳಿಯುತ್ತಿತ್ತು.

ಎರಡನೇ ಪೆಟ್ಟು ಇನ್ವರ್ಟರಿನದು, ಅಂದರೆ ಯಂತ್ರದ ಕರೆಂಟನ್ನು ಗ್ರಿಡ್ಡಿಗೆ ಹೊಂದುವಂತೆ ಮಾಡುವ ಪೆಟ್ಟಿಗೆಯದು. ಕಡಿಮೆಗೆ ಸಿಕ್ಕಿತೆಂದು ಸೋಲಾರ್ ಇನ್ವರ್ಟರ್ ಹಾಕಿದ್ದೆ. ಅದು ನಿಧಾನವಾಗಿ ತಡಕಾಡಿ ಹೆಚ್ಚು ಕರೆಂಟ್ ಸಿಗುವ ವೋಲ್ಟೇಜ್ ಹುಡುಕುವಷ್ಟರಲ್ಲಿ ಬೀಸಿದ ಗಾಳಿ ಹೋಗಿಯೇ ಬಿಡುತ್ತಿತ್ತು. ಅದಕ್ಕಿಂತ ದೊಡ್ಡ ಕಷ್ಟ ಲೈನ್ ಹೋದಾಗ. ಗ್ರಿಡ್ ಸತ್ತರೆ ಇನ್ವರ್ಟರ್ ಕೈಬಿಡಲೇಬೇಕು, ಲೈನ್ ಬಂದ ಮೇಲೂ 5 ನಿಮಿಷ ಕಾಯುತ್ತದೆ. ಪ್ಯಾನೆಲ್‌ಗೆ ಅದರಿಂದ ಏನೂ ಆಗುವುದಿಲ್ಲ. ಲೋಡ್ (ಕರೆಂಟ್ ಎಳೆಯುವ ಹೊರೆ) ಇಲ್ಲದ ರೋಟರ್ ಮಾತ್ರ ಕಟ್ಟು ಬಿಚ್ಚಿದ ಹೋರಿ. ಒಂದು ಮಳೆಯ ರಾತ್ರಿ ಲೈನ್ ಹೋಯಿತು. ಯಂತ್ರದ ಗುಂಯ್ ಅನ್ನೋ ಸದ್ದು ಏರುತ್ತಾ ಏರುತ್ತಾ ಸಿಳ್ಳೆಯಾಯಿತು. ಓಡಿಹೋಗಿ ಬ್ರೇಕ್ ಸ್ವಿಚ್ ಎಳೆದೆ. ರೆಕ್ಕೆ ಉಳಿಯಿತು, ಇನ್ವರ್ಟರ್ ಪೆಟ್ಟಿಗೆಯಿಂದ ಸುಟ್ಟ ವಾಸನೆ ಬರುತ್ತಿತ್ತು.

ಈಗ ಇರುವುದು ಗಾಳಿಗೆಂದೇ ಮಾಡಿದ ಇನ್ವರ್ಟರ್, ಜೊತೆಗೆ ವೋಲ್ಟೇಜ್ ಏರಿದ ಕೂಡಲೇ ಹಿಡಿಯುವ ಡಂಪ್ ಲೋಡ್ (ಹೆಚ್ಚಾದ ಕರೆಂಟನ್ನು ಬಿಸಿಯಾಗಿಸಿ ಕಳೆಯುವ ಹೊರೆ). ಯಂತ್ರ 100 ಅನ್ನೋ ಅದೇ ಲೆಕ್ಕದಲ್ಲಿ ಇದಕ್ಕೆ 60. ಡಂಪ್ ಲೋಡ್‌ನಲ್ಲಿ ದಯವಿಟ್ಟು ಯಾರೂ ಕಂಜೂಸಿ ಮಾಡಬೇಡಿ.

ಯೂನಿಟ್ 1,800ಕ್ಕೆ ಏರಿತು. ಉಳಿದ 300 ನಾನೇ ಕೈಯಾರೆ ದುಡಿದದ್ದು. ಯಾವ ವೋಲ್ಟೇಜಿಗೆ ಎಷ್ಟು ವ್ಯಾಟ್ ಎಳೆಯಬೇಕು ಎಂಬ ಪಟ್ಟಿ ಇನ್ವರ್ಟರಿನಲ್ಲಿ ಇರುತ್ತದೆ ಅಲ್ವಾ, ಕಂಪನಿ ತುಂಬಿಕೊಟ್ಟದ್ದು ಸಣ್ಣ ಗಾಳಿಯಲ್ಲೇ ಜಾಸ್ತಿ ಎಳೆದು ರೆಕ್ಕೆಯ ಉಸಿರು ಕಟ್ಟಿಸುತ್ತಿತ್ತು. ನಾನು ಕೆಳಗಿನ, ಅಂದರೆ ಕಡಿಮೆ ವೋಲ್ಟೇಜಿನ ಸಾಲಿನಿಂದ ಶುರು ಮಾಡಿ ವಾರಕ್ಕೆ ಒಂದೇ ಅಂಕಿ ಬದಲಿಸುತ್ತಾ ಬಂದೆ. ನನ್ನ ಪಟ್ಟಿಯ ಅಂಕಿಗಳನ್ನು ಇಲ್ಲಿ ಕೊಡುವುದಿಲ್ಲ, ಎಷ್ಟೋ ರಾತ್ರಿ ನಿದ್ದೆಗೆಟ್ಟು ಹಿಡಿದದ್ದು. ಆದರೆ ಕೆಳಗಿನಿಂದ ಮೇಲಕ್ಕೆ ಹೋಗಿ, ಮೇಲಿನಿಂದ ಕೆಳಕ್ಕಲ್ಲ. ಇಷ್ಟು ಹೇಳಿದರೆ ಕೈಪಳಗಿದವರಿಗೆ ಸಾಕು.

ನಡುವೆ ಮಾಡಿನ ಮೇಲೆ ನೆಟ್ಟಗೆ ನಿಲ್ಲುವ ಅಕ್ಷದ ಪುಟ್ಟ ಯಂತ್ರವನ್ನೂ ಇಟ್ಟು ನೋಡಿದೆ. ಆರು ತಿಂಗಳಿಗೆ 40 ಯೂನಿಟ್. ಗೋಡೆಯೆಲ್ಲಾ ಗುಂಯ್‌ಗುಟ್ಟಿ ಮನೆಯವರಿಗೆ ನಿದ್ದೆ ಇಲ್ಲ. ಬಿಚ್ಚಿಟ್ಟೆ. ಲಾಭ ತಂದದ್ದು ಇನ್ನೊಂದು ಪ್ರಯೋಗ. ಇನ್ವರ್ಟರ್ ಸುಮ್ನೆ ಕೂತಾಗಲೂ 15 ವ್ಯಾಟ್ ತಿನ್ನುತ್ತಿತ್ತು, ವರ್ಷಕ್ಕೆ 130 ಯೂನಿಟ್ ಆಗುತ್ತದೆ. ಗಾಳಿ ಇಲ್ಲದಾಗ ಅದನ್ನು ತಾನಾಗೇ ಆರಿಸುವ ಸ್ವಿಚ್, ಅಂದರೆ ರಿಲೇ ಹಾಕಿದೆ.

ಮಾರಾಟದ ವಿಷಯಕ್ಕೆ ಬರೋಣ. ಎರಡೂ ಕಡೆ ಎಣಿಸುವ ಮೀಟರ್ ಬರುವ ಮೊದಲೇ ಆತುರಪಟ್ಟು ಸ್ವಿಚ್ ಹಾಕಬೇಡಿ. ನಾನು ಹಾಕಿದ್ದೆ. ಹಳೇ ಎಲೆಕ್ಟ್ರಾನಿಕ್ ಮೀಟರ್ ನಾನು ಹೊರಗೆ ಕಳಿಸಿದ್ದನ್ನೂ ಬಳಸಿದ್ದು ಅಂತಲೇ ಕೂಡಿಸಿತು. ಎರಡು ತಿಂಗಳು ನಾನು ಕೊಟ್ಟ ಕರೆಂಟಿಗೆ ನಾನೇ ದುಡ್ಡು ಕಟ್ಟಿದೆ. ಮೀಟರು, ಕಾಗದಪತ್ರಕ್ಕೆ ಒಟ್ಟು 15 ಹೋಯಿತು.

ನನ್ನ ಒಪ್ಪಂದದಲ್ಲಿ ಮಾರುವ ದರ ಕೊಳ್ಳುವ ದರದ ಅರ್ಧ. ಅಂದರೆ ಮನೆಯಲ್ಲಿ ಬಳಸಿದ ಒಂದು ಯೂನಿಟ್, ಮಾರಿದ ಎರಡಕ್ಕೆ ಸಮ. ಹಾಗಾಗಿ ಪಂಪು, ಬಟ್ಟೆ ಒಗೆಯೋದು, ನೀರು ಕಾಯಿಸೋದು ಎಲ್ಲಾ ಗಾಳಿ ಬಂದಾಗಲೇ. ಮಿಕ್ಕಿದ್ದು ಮಾತ್ರ ಹೊರಗೆ. ಸುಟ್ಟ ಇನ್ವರ್ಟರ್, ಹಳೇ ಕಂಬ ಬಿಟ್ಟು ಉಳಿದ ಬಂಡವಾಳ 295. ವರ್ಷಕ್ಕೆ 24ರಷ್ಟು ವಾಪಸ್ ಬರುತ್ತಿದೆ, 12 ವರ್ಷ ದಾಟಿ ಕೆಲವೇ ತಿಂಗಳಲ್ಲಿ ಅಸಲು ಕೈಸೇರುತ್ತದೆ.

ಮುಂದಿನ ವಾರ ಕಂಬ ಇಳಿಸಬೇಕು. ರೆಕ್ಕೆಯ ಅಂಚು ಸವೆದು ಒರಟಾಗಿದೆ, ಬೆರಳಾಡಿಸಿದರೆ ಮರಳು ಕಾಗದದ ಹಾಗೆ. ಹೊಸ ಟೇಪ್ ಆಗಲೇ ತಂದಿಟ್ಟಿದ್ದೇನೆ.